ಮಕ್ಕಳ ಜೊತೆ ಹೆಸರಘಟ್ಟದಲ್ಲಿ ಸೈಕಲ್ ಸವಾರಿ

ಮನೆಯಲ್ಲಿ ಒಬ್ಬರಿಗೆ ಮೌಂಟನ್ ಬೈಕ್ ಹುಚ್ಚು. ಇನ್ನೊಬ್ಬರು ಈಗಷ್ಟೇ ಗೇರ್ ಬದಲಿಸಲು ಕಲಿತ ಮಗು. ಒಂದೇ ಬೆಳಗ್ಗೆ ಇಬ್ಬರಿಗೂ ಖುಷಿ ಸಿಗಬೇಕು ಅಂದರೆ ಹೆಸರಘಟ್ಟ ಕೆರೆಯ ಸುತ್ತಮುತ್ತ ಹೋಗಿ. ಬೆಂಗಳೂರು ನಗರದ ಮಧ್ಯದಿಂದ ಸುಮಾರು 25 ಕಿ.ಮೀ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ ಇದು. ಹಳ್ಳಿ ರಸ್ತೆಯೂ ಇದೆ, ಮಣ್ಣಿನ ದಾರಿಯೂ ಇದೆ. ಕಡಿದಾದ ಏರು ಅಷ್ಟಾಗಿ ಇಲ್ಲ.

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಜೋರು ಮಳೆ ಬಂದ ಮಾರನೇ ದಿನ ಮಾತ್ರ ಬೇಡ. ಕೆಸರು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ದಾರಿಯೂ ಹಾಳಾಗುತ್ತದೆ.

ಮಕ್ಕಳನ್ನು ತುಮಕೂರು ರಸ್ತೆಯ ಲಾರಿಗಳ ನಡುವೆ ಓಡಿಸಿಕೊಂಡು ಹೋಗಬೇಡಿ. ಸೈಕಲ್‌ಗಳನ್ನು ಕಾರಿಗೆ ಕಟ್ಟಿಕೊಂಡು ಹೆಸರಘಟ್ಟ ಊರಿನವರೆಗೆ ಹೋಗಿ, ಅಲ್ಲಿಂದ ಶುರು ಮಾಡಿ. ಬೆಳಗ್ಗೆ ಆರೂವರೆಗೆ ಪೆಡಲ್ ತುಳಿಯುವಂತಿದ್ದರೆ ಚೆನ್ನ.

ನಿಜವಾದ ಕೆಲಸ ಹಿಂದಿನ ಸಂಜೆಯದು. ಮೊದಲು ಸೀಟು. ದೊಡ್ಡವರು ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಹೊಸದಾಗಿ ಕಲಿತ ಮಗುವಿಗೆ ಈ ಲೆಕ್ಕ ಬೇಡ. ಎರಡೂ ಪಾದ ನೆಲಕ್ಕೆ ಸಿಗಲಿ, ಧೈರ್ಯ ಬರುತ್ತದೆ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳಿನಷ್ಟು ಮೇಲಿರಬೇಕು. ತುಂಬಾ ಮಕ್ಕಳು ಅದನ್ನು ಹಿಂದಕ್ಕೆ ಸರಿಸಿಕೊಂಡು ಹಣೆ ಬರಿದು ಬಿಡುತ್ತಾರೆ. ಬಿದ್ದಾಗ ಮೊದಲು ಏಟು ತಿನ್ನುವುದೇ ಹಣೆ ಅಲ್ವಾ?

ಟೈರ್ ಕಲ್ಲಿನಂತೆ ಗಟ್ಟಿ ಬೇಡ. ಎಷ್ಟು ಗಾಳಿ ಹಿಡಿಯುತ್ತದೆ ಅನ್ನುವುದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಮಣ್ಣಿನ ದಾರಿಗೆ ಆ ಮಿತಿಯ ಕೆಳಗಿನ ತುದಿ ಸಾಕು, ಹಿಡಿತ ಜಾಸ್ತಿ ಸಿಗುತ್ತದೆ.

ಪಂಕ್ಚರ್ ಸಾಮಾನು ಮರೆಯಬೇಡಿ. ಇಲ್ಲಿ ಜಾಲಿ ಮುಳ್ಳಿನ ಕಾಟ ಇದೆ. ಪ್ರತಿ ಚಕ್ರದ ಅಳತೆಗೆ ಒಂದೊಂದು ಟ್ಯೂಬ್, ಸಣ್ಣ ಪಂಪು, ಟೈರ್ ಬಿಚ್ಚುವ ಲಿವರ್ ಇರಲಿ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳನ್ನು ನಿಧಾನವಾಗಿ ಆಡಿಸಿ. ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸದೂ ಹೋಗುತ್ತದೆ.

ಇನ್ನು ಸವಾರಿ. ಒಬ್ಬ ದೊಡ್ಡವರು ಮುಂದೆ, ಒಬ್ಬರು ಕಡೆಯಲ್ಲಿ, ಮಕ್ಕಳು ಮಧ್ಯೆ. ವೇಗ ಮಗುವಿನದೇ ಆಗಲಿ. ಮೌಂಟನ್ ಬೈಕಿನವರಿಗೆ ಇದು ಸಪ್ಪೆ ಅನ್ನಿಸಿದರೆ ಅವರು ಮೂರನೆಯವರಾಗಿ ಮುಂದಿನ ತಿರುವಿನವರೆಗೆ ಹೋಗಿ ವಾಪಸ್ ಬರಲಿ. ಹೀಗೆ ಮಾಡಿದರೆ ಯಾರೂ ಯಾರಿಗೂ ಕಾಯಬೇಕಿಲ್ಲ. ಜಲ್ಲಿ ಇರುವ ಇಳಿಜಾರಿನಲ್ಲಿ ಸೊಂಟವನ್ನು ಹಿಂದಕ್ಕೆ ತಳ್ಳಿ, ಎರಡೂ ಬ್ರೇಕ್ ಮೆತ್ತಗೆ ಹಿಡಿಯಿರಿ. ಮುಂದಿನದನ್ನು ಗಕ್ಕನೆ ಒತ್ತಿದರೆ ಚಕ್ರ ಜಾರುತ್ತದೆ. ಇದನ್ನು ಮಗುವಿಗೆ ಮನೆ ಮುಂದೆ ಖಾಲಿ ಜಾಗದಲ್ಲೇ ಕಲಿಸಿ.

ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದುಬಿಡಿ. ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಡೆಯಿರಿ. ಕಾಲುವೆಯಲ್ಲಿ ಕೆಂಪು ನೀರು ಹರಿಯುತ್ತಿದ್ದರೆ ದಾಟಬೇಡಿ. ಆಳ ಕಾಣುವುದಿಲ್ಲ. ಕೆರೆಗೆ ಇಳಿಯುವ ಮಾತಂತೂ ಬೇಡವೇ ಬೇಡ.

ಒಂದು ವಿಷಯಕ್ಕೆ ನಾನು ಕೈಮುಗಿದು ಕೇಳುತ್ತೇನೆ. ಹುಲ್ಲಿನ ಮೇಲೆ ಸೈಕಲ್ ಹತ್ತಿಸಬೇಡಿ. ಹೆಸರಘಟ್ಟದ ಹುಲ್ಲುಗಾವಲು ಬೆಂಗಳೂರಿನ ಸುತ್ತ ಉಳಿದಿರುವ ಅಪರೂಪದ ಜಾಗ. ನೆಲಗುಬ್ಬಿಯಂಥ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಚಳಿಗಾಲಕ್ಕೆ ದೂರದಿಂದ ಬರುವ ಹ್ಯಾರಿಯರ್ ಹದ್ದುಗಳು ರಾತ್ರಿ ಹುಲ್ಲಿನ ನಡುವೆ ನೆಲದಲ್ಲೇ ತಂಗುತ್ತವೆ. ಇಲ್ಲಿನ 5,000 ಎಕರೆಗೂ ಜಾಸ್ತಿ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತು. ಹಾಗಾಗಿ ಜನ ಓಡಾಡುವ ದಾರಿಯಲ್ಲೇ ಹೋಗಿ. ಫಲಕ ಕಂಡರೆ ಓದಿ, ಅರಣ್ಯ ಸಿಬ್ಬಂದಿ ಬೇಡ ಅಂದರೆ ತಿರುಗಿಬಿಡಿ. ಕಲ್ಲು, ಬೇರು, ತಿರುವು ಬೇಕೆನ್ನುವ ಪಳಗಿದ ಸವಾರರಿಗೆ ಯಲಹಂಕ ಕಡೆಯ ಅವಲಹಳ್ಳಿ ಕಾಡಿದೆ. ಅಲ್ಲೂ ಇಲಾಖೆಯ ಸಮಯ ಕೇಳಿಕೊಂಡೇ ಹೋಗಬೇಕು.

ನೀರು ಕುಡಿಯಲು ನಿಂತಾಗ ಮಕ್ಕಳಿಗೆ ಹೇಳಿ: ಬೆಂಗಳೂರಿಗೆ 1890ರ ದಶಕದಲ್ಲಿ ನಲ್ಲಿ ನೀರು ಹೋಗಿದ್ದು ಈ ಕೆರೆಯಿಂದಲೇ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ. ಇಟ್ಟಿಗೆ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು, ಅಲ್ಲಿಂದ ಪಂಪಿನಲ್ಲಿ ಊರಿಗೆ.

ಒಂಬತ್ತಕ್ಕೆ ಬಿಸಿಲು ಏರುತ್ತದೆ, ಅಷ್ಟರಲ್ಲಿ ಹೆಸರಘಟ್ಟ ಊರಿಗೆ ಮರಳಿ ಇಡ್ಲಿ ತಿನ್ನಿ. ಮನೆಗೆ ಬಂದ ಮೇಲೆ ಚೈನನ್ನು ಒಣಬಟ್ಟೆಯಲ್ಲಿ ಒರೆಸಿ, ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಉಳಿದದ್ದನ್ನು ಒರೆಸಿಬಿಡಿ.