ವೇಗ, ದೂರ, ಕಾಲದ ಲೆಕ್ಕ: ನಾನು ಬಿಡಿಸುವ ಕ್ರಮ

ಶಿವಮೊಗ್ಗದಲ್ಲಿ ಎಫ್‌ಡಿಎ, ಪಿಎಸ್‌ಐ, ರೈಲ್ವೆ ಪರೀಕ್ಷೆಗಳಿಗೆ ಓದುವವರಿಗೆ ಈ ಪಾಠ ಹೇಳಿಕೊಡುವಾಗ ನಾನು ಸೂತ್ರಗಳ ಪಟ್ಟಿ ಬರೆಸುವುದಿಲ್ಲ. ದೂರ = ವೇಗ × ಕಾಲ, ಇದೊಂದು ಸಾಕು. ಸೂತ್ರ ಮರೆತು ಲೆಕ್ಕ ತಪ್ಪುವವರು ಕಡಿಮೆ. ಮೂರರಲ್ಲಿ ಯಾವುದು ಬದಲಾಗದೆ ನಿಂತಿದೆ ಎಂದು ನೋಡದೆಯೇ ಗುಣಾಕಾರಕ್ಕೆ ಕೈಹಾಕಿ ತಪ್ಪುವವರೇ ಹೆಚ್ಚು.

ರಫ್ ಹಾಳೆಯಲ್ಲಿ ವೇಗ, ದೂರ, ಕಾಲ ಎಂದು ಮೂರು ಕಾಲಂ ಎಳೆಯುತ್ತೇನೆ. ಪ್ರಯಾಣದ ಪ್ರತಿ ಹಂತಕ್ಕೂ ಒಂದೊಂದು ಸಾಲು. ಎಲ್ಲ ಸಾಲುಗಳಲ್ಲೂ ಒಂದೇ ಆಗಿರುವ ಕಾಲಂಗೆ ಸುತ್ತು ಹಾಕಿಬಿಡುತ್ತೇನೆ. ಏಕಮಾನ ಸರಿಮಾಡಿಕೊಳ್ಳುವುದೂ ಆಗಲೇ. 1 ಗಂಟೆ 20 ನಿಮಿಷವನ್ನು ಅವಸರದಲ್ಲಿ 1.20 ಎಂದು ಬರೆಯುತ್ತಾರೆ. ಆದರೆ 1.2 ಗಂಟೆ ಅಂದರೆ 1 ಗಂಟೆ 12 ನಿಮಿಷ. ಸರಿಯಾದದ್ದು 80/60, ಅಂದರೆ 4/3 ಗಂಟೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ದೂರ 80 ಕಿ.ಮೀ. ಬರಬೇಕಾದಲ್ಲಿ 72 ಬರುತ್ತದೆ. ಪ್ರಶ್ನೆ ತೆಗೆಯುವವರಿಗೆ ಈ ತಪ್ಪು ಚೆನ್ನಾಗಿ ಗೊತ್ತಿರುವುದರಿಂದ ಆಯ್ಕೆಗಳಲ್ಲಿ 72 ಕೂಡ ಕಾದು ಕೂತಿರುತ್ತದೆ.

ಸರಾಸರಿ ವೇಗಕ್ಕೆ ಹೆಚ್ಚು ಹೊತ್ತು ಕೊಡಬೇಕು. ಆಗುಂಬೆ ಘಾಟಿ ಹತ್ತುವಾಗ ಗಂಟೆಗೆ 20 ಕಿ.ಮೀ., ಇಳಿಯುವಾಗ 30 ಕಿ.ಮೀ.; ಒಟ್ಟು ಸರಾಸರಿ ಎಷ್ಟು? ಕೇಳಿದ ಕೂಡಲೇ 25 ಎನ್ನುವ ಉತ್ತರ ಬರುತ್ತದೆ. ಘಾಟಿಯ ದಾರಿ 12 ಕಿ.ಮೀ. ಎಂದಿಟ್ಟುಕೊಂಡು ಸಾಲು ತುಂಬಿಸಿ: ಹತ್ತಲು 36 ನಿಮಿಷ, ಇಳಿಯಲು 24 ನಿಮಿಷ. ಹೋಗಿ ಬಂದ 24 ಕಿ.ಮೀ.ಗೆ ಸರಿಯಾಗಿ ಒಂದು ಗಂಟೆ, ಹಾಗಾಗಿ ಸರಾಸರಿ 24. ನಿಧಾನದ ವೇಗದಲ್ಲಿ ಗಾಡಿ ಹೆಚ್ಚು ಹೊತ್ತು ಓಡಿದ್ದರಿಂದ ಸರಾಸರಿ ಅದರ ಕಡೆಗೆ ವಾಲುತ್ತದೆ. ಸುತ್ತು ಬಿದ್ದದ್ದು ದೂರಕ್ಕೆ ಎನ್ನುವುದನ್ನು ಗಮನಿಸಿ. ಅದೇ ಗಾಡಿ ಒಂದು ಗಂಟೆ 20ರಲ್ಲಿ, ಇನ್ನೊಂದು ಗಂಟೆ 30ರಲ್ಲಿ ಓಡಿದ್ದರೆ ಸುತ್ತು ಕಾಲಕ್ಕೆ ಬೀಳುತ್ತಿತ್ತು, ಆಗ 25 ಎನ್ನುವುದೇ ಸರಿ. ದೂರ ಕೊಡದಿದ್ದರೆ ಎರಡೂ ವೇಗಗಳ ಲ.ಸಾ.ಅ. ತೆಗೆದುಕೊಳ್ಳಿ, ಇಲ್ಲಿ 60. ಘಾಟಿ ಅಷ್ಟು ಉದ್ದ ಇಲ್ಲವಲ್ಲ ಎಂಬ ಸಂಶಯ ಬೇಡ. ಯಾವ ದೂರ ಹಿಡಿದರೂ ಮೇಲೆ ಕೆಳಗೆ ಹೊಡೆದುಹೋಗುತ್ತದೆ: 60 ಹಿಡಿದರೆ 3 ಗಂಟೆ ಮತ್ತು 2 ಗಂಟೆ, 120 ಭಾಗಿಸು 5, ಮತ್ತೆ 24.

ತಡವಾಗಿ ಅಥವಾ ಬೇಗ ತಲುಪುವ ಲೆಕ್ಕದಲ್ಲಿ ಅನುಪಾತವೇ ಹತ್ತಿರದ ದಾರಿ. ಶಿವಮೊಗ್ಗದಿಂದ ಸಾಗರಕ್ಕೆ ಹೊರಟ ಬಸ್ಸು ಗಂಟೆಗೆ 48 ಕಿ.ಮೀ.ಯಲ್ಲಿ ಹೋದರೆ 6 ನಿಮಿಷ ತಡ, 54ರಲ್ಲಿ ಹೋದರೆ 4 ನಿಮಿಷ ಬೇಗ, ದೂರ ಎಷ್ಟು? ದೂರ ಒಂದೇ ಆದ್ದರಿಂದ ಕಾಲ ವೇಗಕ್ಕೆ ವಿಲೋಮ. ವೇಗ 8:9, ಹಾಗಾಗಿ ಕಾಲ 9:8. ವ್ಯತ್ಯಾಸ ಒಂದು ಭಾಗ. ಆ ಒಂದು ಭಾಗ 6 + 4 = 10 ನಿಮಿಷ. ನಿಧಾನದ ಪ್ರಯಾಣಕ್ಕೆ 9 ಭಾಗ, 90 ನಿಮಿಷ. 48 × 1.5 = 72 ಕಿ.ಮೀ. ತಾಳೆ ನೋಡಿ: 54ರಲ್ಲಿ 80 ನಿಮಿಷ, 54 × 80/60 ಕೂಡ 72. ಇಲ್ಲಿ ಕೈಕೊಡುವುದು 6 ಮತ್ತು 4ನ್ನು ಕೂಡುವ ಜಾಗ. ಒಂದು ತಡ, ಒಂದು ಬೇಗ ಇದ್ದರೆ ಕೂಡಬೇಕು. ಎರಡೂ ತಡ ಅಥವಾ ಎರಡೂ ಬೇಗ ಇದ್ದರೆ ಕಳೆಯಬೇಕು. ಸಂಶಯವಾದರೆ ಗಡಿಯಾರದ ಹೊತ್ತನ್ನೇ ಬರೆಯಿರಿ: 10 ಗಂಟೆಗೆ ತಲುಪಬೇಕಿದ್ದ ಬಸ್ಸು 10:06ಕ್ಕೆ ಒಮ್ಮೆ, 9:56ಕ್ಕೆ ಒಮ್ಮೆ ಬಂತು. ನಡುವೆ 10 ನಿಮಿಷ ಇರುವುದು ಕಣ್ಣಿಗೇ ಕಾಣುತ್ತದೆ.

ರೈಲಿನ ಲೆಕ್ಕ ಸುಲಭ, ಏಕಮಾನ ಒಂದನ್ನು ಬಿಟ್ಟರೆ. ಗಂಟೆಗೆ 18 ಕಿ.ಮೀ. ಅಂದರೆ 18000 ಮೀಟರನ್ನು 3600 ಸೆಕೆಂಡಿಗೆ ಭಾಗಿಸಿದಂತೆ, ಸೆಕೆಂಡಿಗೆ 5 ಮೀಟರ್. ಇದೊಂದು ಗೊತ್ತಿದ್ದರೆ 36ಕ್ಕೆ 10, 54ಕ್ಕೆ 15, 72ಕ್ಕೆ 20 ಬಾಯಲ್ಲೇ ಬರುತ್ತದೆ; 5/18 ಗುಣಿಸಬೇಕೋ 18/5 ಗುಣಿಸಬೇಕೋ ಎಂಬ ಗೊಂದಲವೂ ಇರುವುದಿಲ್ಲ. 240 ಮೀಟರ್ ಉದ್ದದ ತಾಳಗುಪ್ಪದ ಗಾಡಿ 54ರ ವೇಗದಲ್ಲಿ ಕಂಬ ದಾಟಲು 16 ಸೆಕೆಂಡು. ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ತನ್ನ ಉದ್ದ ಸರಿದರೆ ಸಾಕು. 360 ಮೀಟರ್ ಸೇತುವೆಯಾದರೆ ಕೊನೆಯ ಡಬ್ಬಿಯೂ ಆಚೆ ದಡ ಮುಟ್ಟಬೇಕು, ಹಾಗಾಗಿ 600 ಮೀಟರ್, 40 ಸೆಕೆಂಡು.

ದೋಣಿ ಲೆಕ್ಕದಲ್ಲಿ ಹರಿವಿನ ಜೊತೆ ಹೋದರೆ ದೋಣಿಯ ವೇಗಕ್ಕೆ ನೀರಿನ ವೇಗ ಕೂಡು, ಎದುರಾದರೆ ಕಳೆ, ಅಷ್ಟೇ.

ನಿಲುಗಡೆಯ ಲೆಕ್ಕದಲ್ಲಿ ಮಾತ್ರ ಚೆನ್ನಾಗಿ ಓದುವವರೂ ಎಡವುತ್ತಾರೆ. ಕೈ ತೋರಿಸಿದಲ್ಲೆಲ್ಲ ನಿಲ್ಲುವ ಮಲೆನಾಡಿನ ಬಸ್ಸು ನಿಲುಗಡೆ ಬಿಟ್ಟು ಗಂಟೆಗೆ 54 ಕಿ.ಮೀ., ನಿಲುಗಡೆ ಸೇರಿಸಿ 45 ಕಿ.ಮೀ.; ಗಂಟೆಗೆ ಎಷ್ಟು ನಿಮಿಷ ನಿಲ್ಲುತ್ತದೆ? ಕೈತಪ್ಪಿದ ದೂರ 9 ಕಿ.ಮೀ. ಅದನ್ನು 45ಕ್ಕೆ ಭಾಗಿಸಿ 12 ನಿಮಿಷ ಎನ್ನುತ್ತಾರೆ. ನಿಲ್ಲದೇ ಇದ್ದಿದ್ದರೆ ಆ 9 ಕಿ.ಮೀ.ಯನ್ನು ಬಸ್ಸು ಓಡುವ ವೇಗದಲ್ಲೇ, ಅಂದರೆ 54ರಲ್ಲೇ ಮುಗಿಸುತ್ತಿತ್ತು. 9/54 × 60 = 10 ನಿಮಿಷ. ತಾಳೆಗೆ: ಉಳಿದ 50 ನಿಮಿಷ 54ರ ವೇಗದಲ್ಲಿ ಓಡಿದರೆ 45 ಕಿ.ಮೀ.