ದಡ ಹತ್ತಿರ, ಎದುರಾಳಿ ಇನ್ನೂ ಹತ್ತಿರ: ನದಿಯಲ್ಲಿ ನನ್ನ ಡಿಂಗಿ ರೇಸ್

ಕಡಲಲ್ಲಿ ಹಾಯಿದೋಣಿ ಓಡಿಸಿ ಬಂದವರಿಗೆ ನದಿಯ ರೇಸ್ ನೋಡಿದರೆ ನಗು ಬರುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಏನು ರೇಸ್ ಅಂತ. ನೀರಿಗಿಳಿದ ಮೇಲೆ ನಗಲು ಪುರುಸೊತ್ತು ಸಿಗುವುದಿಲ್ಲ. ಎದುರು ಗಾಳಿಯಲ್ಲಿ ಈ ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ದಡ ಬಂದಿರುತ್ತದೆ. ಮತ್ತೆ ಟ್ಯಾಕ್, ಅಂದರೆ ಮೂತಿಯನ್ನು ಗಾಳಿಯ ಮೂಲಕ ಆ ಬದಿಗೆ ತಿರುಗಿಸುವುದು. ಮತ್ತೆ ಟ್ಯಾಕ್.

ನಾನು ಓಡಿಸುವುದು ಲೇಸರ್. ಒಬ್ಬರೇ ಓಡಿಸುವ ಡಿಂಗಿ, ಅಂದರೆ ಸಣ್ಣ ಹಾಯಿದೋಣಿ, ಉದ್ದ ಸುಮಾರು 4.2 ಮೀಟರ್. ಈಗ ಇದರ ಅಧಿಕೃತ ಹೆಸರು ಐಎಲ್‌ಸಿಎ. ಕ್ಲಬ್ಬಿನಲ್ಲಿ ಬಾಯಿಗೆ ಬರುವುದು ಮಾತ್ರ ಹಳೇ ಹೆಸರೇ. ಮೂರು ಅಳತೆಯ ಹಾಯಿ ಇವೆ: ದೊಡ್ಡದು 7 ಚದರ ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಚಿಕ್ಕದು 4.7. ನದಿಗೆ ನಾನು ದೊಡ್ಡದನ್ನೇ ಕಟ್ಟುತ್ತೇನೆ. ಮರಗಳ ಮರೆಯಲ್ಲಿ ಸಿಗುವ ಗಾಳಿಯೇ ಅಷ್ಟಿಷ್ಟು.

ನದಿಯಲ್ಲಿ ಮೊದಲು ಓದಬೇಕಾದ್ದು ನೀರನ್ನು. ನಡು ಹೊಳೆಯಲ್ಲಿ ಸೆಳವು ಜೋರು, ದಡದಲ್ಲಿ ನಿಧಾನ. ತಿರುವಿನಲ್ಲಿ ಹೊರಗಡೆ ಆಳ ಮತ್ತು ರಭಸ, ಒಳಗಡೆ ಹೂಳು ಮತ್ತು ಮಂದ ನೀರು. ಹಾಗಾಗಿ ಹರಿವಿಗೆ ಎದುರಾಗಿ ಹೋಗುವಾಗ ದಡಕ್ಕೆ ಅಂಟಿಕೊಳ್ಳಬೇಕು, ವಾಪಸ್ ಬರುವಾಗ ನಡುವೆ ಇರಬೇಕು. ತೊಂದರೆ ಏನೆಂದರೆ, ಸೆಳವು ಕಮ್ಮಿ ಇರುವ ದಡದಲ್ಲಿ ಎಷ್ಟೋ ಸಲ ಗಾಳಿಯೂ ಕಮ್ಮಿ. ನನ್ನ ಲೆಕ್ಕ ಸರಳ: ಗಾಳಿ ಚೆನ್ನಾಗಿದ್ದರೆ ಗಾಳಿಯ ಹಿಂದೆ ಹೋಗುತ್ತೇನೆ, ಇಲ್ಲದಿದ್ದರೆ ನಿಂತ ನೀರು ಹುಡುಕುತ್ತೇನೆ.

ದಡಕ್ಕೆ ಎಷ್ಟು ಹತ್ತಿರ ಹೋಗಬಹುದು? ಡ್ಯಾಗರ್‌ಬೋರ್ಡ್, ಅಂದರೆ ದೋಣಿಯ ನಡುವಿನಿಂದ ನೀರಿಗೆ ಇಳಿಬಿಡುವ ಹಲಗೆ, ಹೇಳುತ್ತದೆ. ಅದನ್ನು ಒಂದು ಗೇಣು ಮೇಲೆತ್ತಿ ಹೋಗುತ್ತೇನೆ. ಅದರ ತುದಿ ಕೆಸರಿಗೆ ತಾಗಿದರೆ ಕೂತಲ್ಲೇ ಸಣ್ಣ ಅದುರು ಗೊತ್ತಾಗುತ್ತದೆ. ಆಗ ಯೋಚಿಸುತ್ತಾ ಕೂರಬಾರದು, ತಿರುಗಿಸಿಬಿಡಬೇಕು.

ಗಾಳಿ ಕಮ್ಮಿ ಇದ್ದಾಗ ಪ್ರತಿ ಟ್ಯಾಕ್‌ಗೂ ವೇಗ ಹೋಗುತ್ತದೆ. ಅದಕ್ಕೇ ರೋಲ್ ಟ್ಯಾಕ್, ದೋಣಿಯನ್ನು ವಾಲಿಸಿ ತಿರುಗಿಸುವುದು. ಮೊದಲು ದೋಣಿಯನ್ನು ಹಾಯಿಯ ಕಡೆಗೆ ಕೊಂಚ ವಾಲಲು ಬಿಡುತ್ತೇನೆ. ಅದು ತಾನಾಗೇ ಗಾಳಿಯತ್ತ ತಿರುಗತೊಡಗುತ್ತದೆ, ಚುಕ್ಕಾಣಿ ಜಾಸ್ತಿ ತಳ್ಳಬೇಕಿಲ್ಲ. ಮೂತಿ ಗಾಳಿಗೆ ನೇರವಾಗುವ ಹೊತ್ತಿಗೆ ಕೂತ ಅಂಚಿನ ಮೇಲೆ ಪೂರ್ತಿ ಭಾರ ಹಾಕುತ್ತೇನೆ. ದೋಣಿ ಮೈಮೇಲೇ ಬಿತ್ತೇನೋ ಅನ್ನುವಷ್ಟು ವಾಲುತ್ತದೆ. ಬೂಮ್ (ಹಾಯಿಯ ಕೆಳಗಿನ ಅಡ್ಡಗೋಲು) ತಲೆ ದಾಟುತ್ತಿದ್ದಂತೆ ಆಚೆ ಅಂಚಿಗೆ ಹೋಗಿ ದೋಣಿಯನ್ನು ನೆಟ್ಟಗೆ ಎಳೆಯುತ್ತೇನೆ. ಆ ಎಳೆತಕ್ಕೆ ಹಾಯಿ ಗಾಳಿಯನ್ನು ಬೀಸುತ್ತದೆ, ದೋಣಿ ಮುಂದೆ ನುಗ್ಗುತ್ತದೆ. ನಿಯಮ ಇದನ್ನು ಒಪ್ಪುತ್ತದೆ, ಆದರೆ ಟ್ಯಾಕ್ ಮಾಡದೇ ಇದ್ದಿದ್ದರೆ ಎಷ್ಟು ವೇಗ ಇರುತ್ತಿತ್ತೋ ಅದಕ್ಕಿಂತ ಜಾಸ್ತಿ ಬರುವಂತಿಲ್ಲ.

ಇನ್ನು ಪಕ್ಕದ ದೋಣಿಯ ವಿಚಾರ. ಮುಂದೆ ದಡ, ಬದಿಯಲ್ಲಿ ಇನ್ನೊಬ್ಬರು. ತಿರುಗಿದರೆ ಅವರಿಗೆ ಗುದ್ದುತ್ತೇನೆ, ತಿರುಗದಿದ್ದರೆ ಕೆಸರಿಗೆ. ಇದಕ್ಕಾಗಿಯೇ ರೇಸ್ ನಿಯಮಗಳಲ್ಲಿ 20ನೆಯದು ಇದೆ. ‘ರೂಮ್ ಟು ಟ್ಯಾಕ್!’ (ಟ್ಯಾಕ್ ಮಾಡಲು ಜಾಗ ಕೊಡಿ) ಅಂತ ಕೂಗಬೇಕು. ಕೇಳಿದವರು ಆದಷ್ಟು ಬೇಗ ತಾವೇ ಟ್ಯಾಕ್ ಮಾಡಬೇಕು, ಇಲ್ಲವೇ ‘ಯು ಟ್ಯಾಕ್!’ (ನೀವೇ ಟ್ಯಾಕ್ ಮಾಡಿ) ಅಂದು ಜಾಗ ಬಿಡಬೇಕು. ಅವರಿಗೆ ಸ್ಪಂದಿಸಲು ಸಮಯ ಕೊಡಬೇಕು. ಅಗತ್ಯವಿಲ್ಲದೆ ಸುಮ್ನೆ ಕೂಗುವಂತೆಯೂ ಇಲ್ಲ. ಸಮುದ್ರದಲ್ಲಿ ಇಡೀ ರೇಸ್ ಮುಗಿದರೂ ಎದುರಾಳಿಯ ದನಿ ಕೇಳದೇ ಇರಬಹುದು. ಇಲ್ಲಿ ಅವರ ಜೊತೆ ಮಾತಾಡದೆ ಗತಿಯಿಲ್ಲ. ನಮ್ಮ ಕ್ಲಬ್ಬಿನ ಒಡನಾಟ ಶುರುವಾಗುವುದೇ ಆ ಕೂಗಿನಿಂದ ಅಂತ ನನಗನ್ನಿಸುತ್ತದೆ. ನನ್ನ ಹತ್ತಿರದ ಸ್ನೇಹಿತರೆಲ್ಲ ಯಾವಾಗಲೋ ನನ್ನನ್ನು ದಡದಿಂದ ಎಬ್ಬಿಸಿದವರೇ.

ಗಾಳಿ ಪೂರ್ತಿ ಬಿದ್ದ ದಿನದ ಮಜಾ ಬೇರೆ. ಲಂಗರು ಹಾಕಬಹುದು. ಒಬ್ಬರು ಇಳಿದು ತಳದ ಮೇಲೆ ನಿಂತರೂ ನಿಯಮ ಬೇಡ ಅನ್ನುವುದಿಲ್ಲ. ಲಂಗರು ಹಾಕಿದವರು ನಿಂತಲ್ಲೇ ಇರುತ್ತಾರೆ, ಹಾಕದವರು ಹಿಂದಕ್ಕೆ ತೇಲಿಹೋಗುತ್ತಾರೆ. ಸುಮ್ಮನೆ ನಿಂತು ಸ್ಥಾನ ಗಳಿಸುವ ರೇಸ್ ಇದು. ಆ ಹೊತ್ತಿನಲ್ಲಿ ದೋಣಿಯಿಂದ ದೋಣಿಗೆ ಹರಟೆ ಸಾಗುತ್ತಿರುತ್ತದೆ. ಒಂದು ಕಣ್ಣು ಮಾತ್ರ ಎಲ್ಲರದ್ದೂ ನೀರಿನ ಮೇಲಿನ ಗಾಳಿಯ ಸುಳಿವಿನ ಮೇಲೇ.

ಜಗಳವೂ ಉಂಟು. ಬೇರೆ ಬೇರೆ ಬಗೆಯ ದೋಣಿ ಒಟ್ಟಿಗೆ ಓಡುವುದರಿಂದ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಲೆಕ್ಕ ಹಾಕುತ್ತೇವೆ: ತಗೊಂಡ ಸಮಯವನ್ನು 1000ದಿಂದ ಗುಣಿಸಿ, ಆ ಬಗೆಯ ದೋಣಿಗೆ ಅದರ ವೇಗ ನೋಡಿ ಕೊಟ್ಟ ಸಂಖ್ಯೆಯಿಂದ ಭಾಗಿಸುವುದು. 1100ರ ದೋಣಿ 55 ನಿಮಿಷಕ್ಕೆ ಬಂದರೆ ಲೆಕ್ಕಕ್ಕೆ 50. 1200ರ ದೋಣಿ 60 ನಿಮಿಷಕ್ಕೆ ಬಂದರೂ ಅದೇ 50. ಅಂದರೆ ಮೊದಲು ಬಂದವರು ಗೆದ್ದರು ಅಂತಲ್ಲ. ಕ್ಲಬ್‌ಹೌಸಿನಲ್ಲಿ ಬಟ್ಟೆ ಬದಲಿಸುವಷ್ಟರಲ್ಲಿ ಈ ಚರ್ಚೆ ಬಿಸಿಯಾಗಿರುತ್ತದೆ. ಸೋತವರಿಗೆಲ್ಲ ಗೆದ್ದ ದೋಣಿಯ ಸಂಖ್ಯೆ ತಪ್ಪಾಗಿಯೇ ಕಾಣುತ್ತದೆ, ಅಲ್ವಾ? ನಾನೂ ಆ ಗುಂಪಿನ ಕಾಯಂ ಸದಸ್ಯ.

ಸರದಿಯ ಮೇಲೆ ಎಲ್ಲರಿಗೂ ರೇಸ್ ಆಫೀಸರ್ ಡ್ಯೂಟಿ ಬರುತ್ತದೆ. ಕೆಲವರು ಗೊಣಗುತ್ತಾರೆ. ನನಗೆ ಅದು ಇಷ್ಟ. ರೇಸ್ ಶುರುವಾಗಲು 5 ನಿಮಿಷ ಇದ್ದಾಗ ದೋಣಿಗಳ ವರ್ಗದ ಬಾವುಟ ಏರಬೇಕು, 4ಕ್ಕೆ ಸಿದ್ಧತೆಯ ಬಾವುಟ. 1 ನಿಮಿಷಕ್ಕೆ ಅದು ಇಳಿಯಬೇಕು, ಸೊನ್ನೆಗೆ ವರ್ಗದ್ದೂ ಇಳಿಯಬೇಕು. ಹಾರ್ನ್ ಕೈಕೊಟ್ಟರೂ ಪರವಾಗಿಲ್ಲ, ಬಾವುಟದ ಸಮಯವೇ ಲೆಕ್ಕಕ್ಕೆ. ಆಮೇಲೆ ದಡದಲ್ಲಿ ನಿಂತು ನೋಡುತ್ತಿದ್ದರೆ, ಮುಂದಿರುವವರು ಎಲ್ಲಿ ದಡ ಬಿಟ್ಟರು, ಯಾವ ಮರದ ಹತ್ತಿರ ಅವರಿಗೆ ಗಾಳಿ ಸಿಕ್ಕಿತು ಅನ್ನುವುದೆಲ್ಲ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಆಮೇಲೆ ಅವರನ್ನೇ ಹಿಡಿದು ಕೇಳಬಹುದು. ಮುಚ್ಚಿಟ್ಟವರನ್ನು ನಾನು ಕಂಡಿಲ್ಲ.

ಹೊಸದಾಗಿ ಸೇರುವವರಿಗೆ ನಾನು ಹೇಳುವುದು, ಆತುರಪಟ್ಟು ದೋಣಿ ಕೊಳ್ಳಬೇಡಿ. ಎಂಟರ್‌ಪ್ರೈಸ್‌ನಂತಹ ಇಬ್ಬರ ದೋಣಿಯಲ್ಲಿ ಮುಂದೆ ಕೂತು ಜಿಬ್ (ಮುಂಭಾಗದ ಚಿಕ್ಕ ಹಾಯಿ) ನೋಡಿಕೊಳ್ಳುವವರು ಯಾವಾಗಲೂ ಕಮ್ಮಿ. ರೇಸಿಗೆ ಒಂದು ಗಂಟೆ ಮುಂಚೆ ಬನ್ನಿ, ಯಾರದ್ದಾದರೂ ಟ್ರಾಲಿಗೆ ಕೈ ಹಾಕಿ. ಮೊದಲ ಬಾವುಟ ಏರುವಷ್ಟರಲ್ಲಿ ಯಾರೋ ಒಬ್ಬರು ನಿಮ್ಮನ್ನು ಹತ್ತಿಸಿಕೊಂಡಿರುತ್ತಾರೆ.