ಕೇರಳ ಪೊಲೀಸ್ ಆಗಲು ಹೊರಟ ನಮ್ಮೂರ ಹುಡುಗರಿಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ತಮ್ಮಂದಿರೇ, ಸಿವಿಲ್ ಪೊಲೀಸ್ ಆಫೀಸರ್ ಹುದ್ದೆಗೆ ಕೇರಳ ಲೋಕಸೇವಾ ಆಯೋಗದ (ಪಿಎಸ್‌ಸಿ) 'ತುಳಸಿ' ಎಂಬ ಆನ್‌ಲೈನ್ ಪ್ರೊಫೈಲಿನಲ್ಲಿ ಅರ್ಜಿ ಹಾಕಿದರಷ್ಟೇ ಸಾಲದು. ಪರೀಕ್ಷೆಗೆ ಮೊದಲು, ಹೇಳಿದ ದಿನಗಳೊಳಗೆ, ಪರೀಕ್ಷೆ ಬರೆಯುತ್ತೇನೆಂಬ ಕನ್ಫರ್ಮೇಶನ್ ಅದರಲ್ಲೇ ಕೊಡಲೇಬೇಕು. ಮರೆತರೆ ಅರ್ಜಿ ಅಲ್ಲಿಗೇ ಮುಗಿಯಿತು. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬೇಕೆಂದು ಗುರುತು ಹಾಕುವುದೂ ಆಗಲೇ. ತಪ್ಪು ಉತ್ತರಕ್ಕೆ ಅಂಕದ ಮೂರನೇ ಒಂದು ಭಾಗ ಕಡಿತವಿದೆ, ಅಂದಾಜಿಗೆ ಗೀಚಬೇಡಿ.

ಓದು ಶುರು ಮಾಡುವ ಮೊದಲೇ ಅಳತೆ ನೋಡಿಕೊಳ್ಳಿ. ಸಾಮಾನ್ಯ ವರ್ಗದ ಪುರುಷರಿಗೆ ಎತ್ತರ 168 ಸೆಂ.ಮೀ., ಎದೆ 81, ಉಸಿರೆಳೆದಾಗ ಕನಿಷ್ಠ 5 ಸೆಂ.ಮೀ. ಹಿಗ್ಗಬೇಕು. ಕನ್ನಡಕವಿಲ್ಲದೆ ದೃಷ್ಟಿ 6/6 ಇರಬೇಕು. ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮೊಣಕಾಲು ಇದ್ದರೂ ಆಗದು. ವರ್ಷಗಟ್ಟಲೆ ಓದಿದ ಮೇಲೆ ಇದು ಗೊತ್ತಾದರೆ ತುಂಬ ನೋವು.

ದೈಹಿಕ ಪರೀಕ್ಷೆಯಲ್ಲಿ ಎಂಟರಲ್ಲಿ ಐದು ಗೆಲ್ಲಬೇಕು: 100 ಮೀ. 14 ಸೆಕೆಂಡ್, 1500 ಮೀ. 5 ನಿಮಿಷ 44 ಸೆಕೆಂಡ್, ಎತ್ತರ ಜಿಗಿತ 132.20 ಸೆಂ.ಮೀ., ಉದ್ದ ಜಿಗಿತ 457.20 ಸೆಂ.ಮೀ., ಗುಂಡೆಸೆತ 609.60 ಸೆಂ.ಮೀ., ಕ್ರಿಕೆಟ್ ಚೆಂಡು ಎಸೆತ 60.96 ಮೀ., ಹಗ್ಗ ಹತ್ತುವುದು 365.80 ಸೆಂ.ಮೀ., ಪುಲ್‌ಅಪ್ 8. ಐದನ್ನೇ ನೆಚ್ಚಿಕೊಳ್ಳಬೇಡಿ, ಆರೇಳನ್ನು ಸಿದ್ಧ ಮಾಡಿ; ಒಂದು ಫೌಲ್ ಆದರೂ ದಾರಿ ಉಳಿಯುತ್ತದೆ. ಗುಂಡು 7.264 ಕಿಲೋದ್ದೇ ಇರಲಿ, ಹಗುರದ್ದರಲ್ಲಿ ಅಭ್ಯಾಸವಾದ ಕೈ ಆ ದಿನ ಸೋಲುತ್ತದೆ. ಹಗ್ಗವನ್ನು ಕೈಯಿಂದಲೇ ಹತ್ತಬೇಕು, ಕಾಲು ಸುತ್ತುವ ಹಾಗಿಲ್ಲ. ಅಡಿಕೆ ಮರ ಹತ್ತಿದ ಅಭ್ಯಾಸದವರು ಎಡವುವುದು ಇಲ್ಲೇ.